ಅಪ್ಪ ಸೀಳಿಟ್ಟ ಸೌದೆ

ಅಪ್ಪ ಹೋದ ಮೇಲೆ ಮೊದಲ ಸಲ ಆ ಕಾಡಿಗೆ ಹೊರಟಿದ್ದೆವು. ಜಿಟಿಜಿಟಿ ಮಳೆ, ಕೆಸರಿನ ರಸ್ತೆ. ಪಿಕಪ್ ಓಡಿಸುತ್ತಿದ್ದವಳು ನನ್ನ ಅಕ್ಕ, ವೆರ್ನಾ. ಹಿಂಬದಿ ಖಾಲಿ. ಅಪ್ಪ ಸೀಳಿಟ್ಟ ಸೌದೆಯನ್ನು ತುಂಬಿಕೊಂಡು ಮನೆಗೆ ತರಬೇಕೆಂಬುದು ಅವಳ ಹಟ.

ನಾವು ಡೇರೆ ಹಾಕುತ್ತಿದ್ದ ಜಾಗದಲ್ಲಿ ನಲ್ಲಿಯಿಲ್ಲ, ಕಕ್ಕಸಿಲ್ಲ, ಬಾಡಿಗೆ ಕೇಳುವವರೂ ಇಲ್ಲ. ಹಳ್ಳದ ಪಕ್ಕ ಒಂದಿಷ್ಟು ಸಮನೆಲ, ಸುತ್ತ ಕಲ್ಲಿಟ್ಟ ಬೆಂಕಿಗುಂಡಿ, ಅಷ್ಟೇ. ಅಮೆರಿಕದ ಐಡಹೋ ರಾಜ್ಯದ ಸರ್ಕಾರಿ ಕಾಡು. ಮೊದಲು ಬಂದವರದೇ ಜಾಗ. ಬಿಟ್ಟು ಹೋಗುವವರು ಮುಂದೆ ಬರುವವರಿಗೆ ಒಣ ಸೌದೆ ಇಟ್ಟು ಹೋಗುವುದು ನಮ್ಮ ಕಡೆಯ ರೂಢಿ. ಅಪ್ಪ ಚರ್ಚನ್ನಾದರೂ ತಪ್ಪಿಸುತ್ತಿದ್ದ, ಇದನ್ನು ತಪ್ಪಿಸುತ್ತಿರಲಿಲ್ಲ.

ಕಳೆದ ವರ್ಷ ಏದುಸಿರು ಬಿಡುತ್ತಲೇ ದಿನವಿಡೀ ಕೊಡಲಿ ಬೀಸಿದ್ದ.

"ಸಾಕು, ಕೂತ್ಕೊಳ್ಳಪ್ಪಾ. ಇಷ್ಟೊಂದು ಯಾರು ಉರಿಸ್ತಾರೆ?" ಎಂದು ಅಕ್ಕ ಗದರಿದ್ದಳು.

"ನೆನ್ಕೊಂಡ್ ಬಂದೋರು ಉರಿಸ್ತಾರೆ, ಬಿಡು."

ಮಳೆನೀರು ಜಾರಿಹೋಗಲೆಂದು ತೊಗಟೆ ಮೇಲೆ ಮಾಡಿ ಒಟ್ಟಿದ, ನೀಲಿ ಟಾರ್ಪಾಲು ಹೊದಿಸಿ ಕಟ್ಟಿದ. ಮನೆಗೆ ಬಂದವನು ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ.

"ಅದು ನಮ್ದಲ್ಲ ಕಣೇ ಅಕ್ಕ. ಬಂದೋರಿಗೆ ಅಂತ ಇಟ್ಟಿದ್ದು" ಎಂದೆ, ಪಿಕಪ್ ಕಾಡಿನ ದಾರಿ ಹತ್ತುವಾಗ.

"ನೀನೇನು ಅಪ್ಪನ ವಕೀಲನಾ? ವರ್ಷಕ್ಕೊಂದು ತುಂಡು ಉರಿಸ್ತೀನಿ. ನಾನು ಸಾಯೋವರ್ಗೂ ಬರುತ್ತೆ."

ಅಪ್ಪನ ಬಂದೂಕು, ಕೋಟು ಎಲ್ಲ ನನ್ನ ಪಾಲಿಗೆ ಬಂದಿದ್ದವು. ಅವಳು ಈ ಸೌದೆ ಬಿಟ್ಟು ಬೇರೇನೂ ಕೇಳಿರಲಿಲ್ಲ.

ತಿರುವಿನಲ್ಲೇ ಹೊಗೆ ಕಾಣಿಸಿತು. ಗಾಜಿಗೆ ಪ್ಲಾಸ್ಟಿಕ್ ಅಂಟಿಸಿದ ಹಳೇ ಕಾರು, ಜೋತುಬಿದ್ದ ಡೇರೆ, ಅದರ ಮೇಲೆ ಅಪ್ಪನ ಟಾರ್ಪಾಲು. ಬೆಂಕಿಯ ಮುಂದೆ ಕಂಬಳಿ ಹೊದ್ದ ಮುದುಕಿ, ಪಕ್ಕದಲ್ಲಿ ಅವಳ ಮಗಳು. ಆಳೆತ್ತರದ ಒಟ್ಟಿಲು ಮೊಣಕಾಲೆತ್ತರಕ್ಕೆ ಇಳಿದಿತ್ತು.

ಅಕ್ಕ ದಡಕ್ಕನೆ ಇಳಿದಳು. "ಯಾರ್ರೀ ನಿಮ್ಗೆ ಇದನ್ನ ಮುಟ್ಟೋಕೆ ಹೇಳಿದ್ದು?"

ಮುದುಕಿ ನಡುಗುತ್ತ ಎದ್ದಳು. "ಹೋಗ್ತೀವಮ್ಮಾ, ಈಗ್ಲೇ ಹೊರಟ್ವಿ" ಎನ್ನುತ್ತ ಪಕ್ಕದಲ್ಲಿದ್ದ ಬಕೆಟ್ಟಿನ ನೀರನ್ನು ಬೆಂಕಿಗೆ ಸುರಿದುಬಿಟ್ಟಳು. ಚುಂಯ್ ಎಂದು ಹೊಗೆಯೆದ್ದಿತು. ಕೋಲಿನಿಂದ ಕೆದಕಿ ಮತ್ತೆ ನೀರು ಹಾಕಿದಳು. ಆಮೇಲೆ ಬಗ್ಗಿ, ಪೂರ್ತಿ ಆರಿದೆಯೇ ಎಂದು ಬರಿಗೈಯಲ್ಲಿ ಬೂದಿ ಮುಟ್ಟಿ ನೋಡಿದಳು. ಕಾಡಿನಲ್ಲಿ ಬೆಂಕಿ ಆರಿಸುವುದು ಹೀಗೆಯೇ. ಅಪ್ಪನೂ ಹೀಗೆಯೇ ಮುಟ್ಟಿ ನೋಡುತ್ತಿದ್ದ. ಇನ್ನೂ ಬಿಸಿಯಿತ್ತೇನೋ, ಕೈ ಹಿಂದಕ್ಕೆಳೆದುಕೊಂಡಳು.

ಅಕ್ಕನ ಕಣ್ಣು ಬೂದಿ ಮೆತ್ತಿದ ಆ ಕೈಯ ಮೇಲೇ ಇತ್ತು.

"ಮನೆ ಖಾಲಿ ಮಾಡ್ಸಿದ್ರು" ಎಂದಳು ಮಗಳು, ನೆಲ ನೋಡುತ್ತ. "ಹೋದಲ್ಲೆಲ್ಲ ಎಬ್ಬಿಸಿ ಕಳಿಸ್ತಿದ್ರು. ಇಲ್ಲಿಗೆ ಬಂದಾಗ ಅಮ್ಮಂಗೆ ಮೈಯೆಲ್ಲ ನೆಂದು ಮಾತೇ ಹೊರಡ್ತಿರ್ಲಿಲ್ಲ. ಸೌದೆ ಇತ್ತು. ಯಾರೋ ಪುಣ್ಯಾತ್ಮರು ಇಟ್ಟಿದ್ದು ಅಂದ್ಕೊಂಡ್ವಿ. ನಿಮ್ದು ಅಂತ ಗೊತ್ತಾಗ್ಲಿಲ್ಲ."

ನನಗೆ ಅಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ, "ತಗೋ, ಈಗ ತುಂಬ್ಕೋ" ಎಂದುಬಿಟ್ಟೆ.

ಅಕ್ಕ ಕೆಸರಿನಲ್ಲೇ ಮಂಡಿಯೂರಿ, ನೆಂದು ಕಪ್ಪಾದ ತುಂಡುಗಳನ್ನು ಒಂದೊಂದೇ ಎತ್ತಿ ಬದಿಗಿಟ್ಟಳು. ಒಟ್ಟಿಲಿನ ಅಡಿಯಿಂದ ಒಣ ಸೌದೆ ಎಳೆದು, ಚಾಕುವಿನಿಂದ ಸಿಬರು ತೆಗೆದು ಕಡ್ಡಿ ಗೀರಿದಳು. ಗಾಳಿಗೆ ಆರಿತು. ಮತ್ತೆ ಗೀರಿದಳು. ಕೊನೆಗೂ ಉರಿ ಹತ್ತಿತು.

"ಕೂತ್ಕೊಳ್ಳಿ ಅಮ್ಮಾ. ಇದು ನಮ್ದಲ್ಲ" ಎಂದಳು.

ಮುದುಕಿ ಅಳುಕುತ್ತಲೇ ಕುಳಿತಳು. ಬೆಂಕಿಗೆ ಕೈ ಒಡ್ಡುತ್ತ, "ಇಟ್ಟೋರು ಯಾರು ಅಂತ ನಿಮ್ಗೆ ಗೊತ್ತಾ?" ಎಂದು ಕೇಳಿದಳು.

"ಗೊತ್ತು."

"ಸಿಕ್ಕಿದ್ರೆ ಹೇಳಿ. ಇದಿಲ್ದಿದ್ರೆ ಈ ಮುದುಕಿ ಅವತ್ತೇ ಹೋಗ್ಬಿಡ್ತಿದ್ಲು ಅಂತ."

"ಹೇಳ್ತೀನಿ" ಎಂದಳು ಅಕ್ಕ.

ನಾನು ಪಿಕಪ್‌ನಿಂದ ಕೊಡಲಿ ತಂದೆ. ಬಿದ್ದು ಒಣಗಿದ್ದ ಮರವೊಂದನ್ನು ಇಬ್ಬರೂ ಸೇರಿ ಕಡಿದೆವು, ಸೀಳಿದೆವು, ತೊಗಟೆ ಮೇಲೆ ಮಾಡಿ ಒಟ್ಟಿದೆವು. ನಮ್ಮ ಟಾರ್ಪಾಲನ್ನೇ ಹೊದಿಸಿದೆವು. ಹಗ್ಗಕ್ಕೆ ಅಪ್ಪ ಹಾಕುತ್ತಿದ್ದಂಥ ಗಂಟು ಹಾಕಲು ಇಬ್ಬರಿಗೂ ಬರಲಿಲ್ಲ. ಏನೋ ಒಂದು ಬಿಗಿದು ಬಂದೆವು.

ಖಾಲಿ ಪಿಕಪ್ ಕುಲುಕುತ್ತ ಬೆಟ್ಟ ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿ ಅಕ್ಕ ಗಾಡಿ ನಿಲ್ಲಿಸಿದಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅತ್ತವಳಲ್ಲ. ಈಗ ಸ್ಟೀರಿಂಗಿಗೆ ಹಣೆ ಹಚ್ಚಿ ಅಳತೊಡಗಿದಳು.

"ಸಾಕು, ಕೂತ್ಕೋ ಅಂತ ಬೈದಿದ್ದೆ ಕಣೋ" ಎಂದಳು. "ಅಪ್ಪ ನನ್ನ ಮಾತು ಕೇಳಿಬಿಟ್ಟಿದ್ರೆ, ಆ ಅಜ್ಜಿ ಗತಿ?"