ಎಲ್ಲರೂ ಕೈ ಎತ್ತಿದರು

ನನ್ನ ಗಂಡ ಎಲ್ಡನ್‌ನ ಹಟ ಹೇಳತೀರದು. ಡಕೋಟಾದ ಗೋಧಿ ಹೊಲ ಮಾರಿ ಆದ ಮೇಲೂ ಅಲ್ಲಿನ ಹಳೇ ಮನೆಯಲ್ಲೇ ಸಾಯುತ್ತೇನೆಂದು ಕೂತಿದ್ದ. ಮಗಳು ಜೋಲೀನ್ ಇರುವುದು ಮಿನಿಯಾಪೊಲಿಸ್ ಪೇಟೆಯ ನಟ್ಟನಡುವೆ, ಇಪ್ಪತ್ತನೇ ಮಹಡಿಯಲ್ಲಿ. ಅದೇ ಕಟ್ಟಡದಲ್ಲೊಂದು ಮನೆ ಹಿಡಿಯೋಣ, ಆಸ್ಪತ್ರೆ ಕೂಗಳತೆಯಲ್ಲಿದೆ ಎಂದು ಗೋಗರೆದೆ.

"ಪಾರಿವಾಳದ ಗೂಡು ಅದು. ನಿಮ್ಮಮ್ಮನ್ನ ಬೇಕಾದ್ರೆ ಕರ್ಕೊಂಡ್ಹೋಗು, ನಾನು ಬರಲ್ಲ" ಎಂದ ಮಗಳಿಗೆ.

ಕೊನೆಗೆ ಅವನಿಗೂ ಬೇಡ, ನನಗೂ ಬೇಡ ಎಂಬಂಥ ಜಾಗಕ್ಕೆ ಬಂದೆವು. ಅದೇ ಪಟ್ಟಣದ ಹೊರಗಿನ ಬಡಾವಣೆ. ಒಂದೇ ಅಚ್ಚಿನ ಮನೆಗಳು, ಅಂಗೈಯಗಲ ಹುಲ್ಲು. ಜನ ಕಾರಿನಲ್ಲೇ ಗ್ಯಾರೇಜಿನೊಳಗೆ ನುಗ್ಗಿ ಬಾಗಿಲು ಇಳಿಸಿಕೊಂಡುಬಿಡುತ್ತಾರೆ. ಒಬ್ಬರ ಮುಖವೂ ಸರಿಯಾಗಿ ಕಾಣುವುದಿಲ್ಲ, ಏನು ಸುಡುಗಾಡು ಬಾಳೋ!

ನಮ್ಮ ಕಡೆ ಮಣ್ಣುದಾರಿಯಲ್ಲಿ ಎದುರಾದ ಗಾಡಿಗೆಲ್ಲ ಕೈ ಎತ್ತಬೇಕು, ಗುರುತಿರಲಿ ಬಿಡಲಿ. ಎತ್ತದವನಿಗೆ ಸೊಕ್ಕು ಎನ್ನುತ್ತಾರೆ. ಎಲ್ಡನ್ ಇಲ್ಲೂ ಅದನ್ನೇ ಶುರುಹಚ್ಚಿಕೊಂಡ. ಬೆಳಿಗ್ಗೆ ಕಾಫಿ ಕುಡಿದು ಗ್ಯಾರೇಜಿನ ಮುಂದೆ ಕುರ್ಚಿ ಹಾಕಿ ಕೂತರೆ, ಹೋಗುವ ಬರುವ ಕಾರಿಗೆಲ್ಲ ಕೈ.

"ಹುಚ್ಚ ಅಂದ್ಕೋತಾರೆ ಮಾರಾಯ, ಒಳಗೆ ಬಾ."

"ಅಂದ್ಕೊಳ್ಳಲಿ ಬಿಡೇ. ನಿನ್ನ ಗಂಟೇನು ಹೋಗೋದು?"

ಬೇಸಿಗೆ ಕಳೆಯುವಷ್ಟರಲ್ಲಿ ಕಾರಿನವರೂ ಕೈ ಎತ್ತತೊಡಗಿದರು. ಎದುರುಮನೆಯ ಡಾನಾ ಹಾರ್ನ್ ಬೇರೆ ಹೊಡೆಯುತ್ತಿದ್ದಳು. ಆಗ ಎಲ್ಡನ್‌ನ ಮುಖ ನೋಡಬೇಕಿತ್ತು! ಪೇಟೆಯ ಮನೆಯ ಮಾತೆತ್ತಿದರೆ ನನ್ನ ಮೇಲೇ ಹರಿಹಾಯುತ್ತಿದ್ದ. "ಇಲ್ಲೂ ಜನ ಇದ್ದಾರೆ ಕಣೇ. ನಾಳೆ ಏನಾದ್ರೂ ಆದ್ರೆ ಓಡಿ ಬರ್ತಾರೆ."

ಅಕ್ಟೋಬರಿನಲ್ಲಿ ಒಂದು ದಿನ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಮಧ್ಯಾಹ್ನ ತಿರುಗಿ ಬಂದಾಗ ಎಲ್ಡನ್ ಕುರ್ಚಿಯಲ್ಲೇ ಇದ್ದ. ನನ್ನ ಕಾರು ಕಂಡು ಕೈ ಎತ್ತಿದ. ನಾನೂ, ಅಯ್ಯೋ ದೇವರೇ, ನಾನೂ ನಗುತ್ತಾ ಕೈ ಬೀಸಿದೆ. ಹತ್ತಿರ ಹೋದಾಗ ಬಾಯಿ ಸೊಟ್ಟಗಾಗಿದ್ದು ಕಂಡಿತು. ಮೈಯ ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಎತ್ತಿದ್ದು ಎಡಗೈ.

ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಒಯ್ದೆ. ಲಕ್ವ ಬೆಳಿಗ್ಗೆಯೇ ಹೊಡೆದಿರಬೇಕು, ತರುವುದು ತಡವಾಯಿತು ಎಂದರು ಡಾಕ್ಟರು. ಸಂಜೆ ಅವನಿಗೆ ಸ್ವಲ್ಪ ಎಚ್ಚರ ಬಂತು. ತೊದಲುತ್ತ ಹೇಳಿದ, "ಎಲ್ರಿಗೂ ಕೈ ಎತ್ತಿದೆ ಆರ್ಡಿಸ್. ಎಲ್ರೂ ಎತ್ತಿದ್ರು. ಡಾನಾ ಹಾರ್ನೂ ಹೊಡೆದ್ಲು."

ನನಗೆ ಬಡಾವಣೆಗೆ ಬಡಾವಣೆಯನ್ನೇ ಸುಟ್ಟುಬಿಡುವಷ್ಟು ಸಿಟ್ಟು. ಯಾರ ಮೇಲೆ ತೀರಿಸಿಕೊಳ್ಳಲಿ, ನಾನೂ ಕೈ ಬೀಸಿದವಳೇ ಅಲ್ಲವೇ?

"ಆಮೇಲೆ ಯಾರಾದ್ರೂ ನಿಲ್ಲಿಸಿದ್ರಾ? ನಂಗೆ ನೆನಪಿಲ್ಲ" ಎಂದ.

"ನಿಲ್ಲಿಸ್ದೆ ಇರ್ತಾರಾ? ಡಾನಾನೇ ಓಡಿ ಬಂದ್ಲು. ಆಂಬುಲೆನ್ಸ್ ಕರೆಸಿದ್ದೂ ಅವಳೇ."

ಅಷ್ಟು ದೊಡ್ಡ ಸುಳ್ಳನ್ನು ಅವನಿಗೆ ನಾನು ಹಿಂದೆಂದೂ ಹೇಳಿರಲಿಲ್ಲ. ಸೊಟ್ಟ ಬಾಯಲ್ಲೇ ನಕ್ಕ.

"ನಾನು ಹೇಳ್ಲಿಲ್ವಾ? ಪೇಟೆ ಗೀಟೆ ಬೇಡ ಕಣೇ. ಇಲ್ಲೇ ಇದ್ಬಿಡೋಣ."

"ಹೂಂ" ಎಂದೆ.

ಮರುದಿನ ಹೋಗಿಬಿಟ್ಟ.

ಜೋಲೀನ್ ದಿನವೂ ಫೋನ್ ಮಾಡುತ್ತಾಳೆ. "ಬಂದ್ಬಿಡಮ್ಮಾ, ಆ ಜನರ ಮಧ್ಯೆ ಹೇಗಿರ್ತೀಯ?" ಎನ್ನುತ್ತಾಳೆ. ಹೇಗಿರಲಿ, ನನಗೂ ಗೊತ್ತಿಲ್ಲ. ಆದರೆ ಅವನಿಗೆ ಹೂಂ ಎಂದುಬಿಟ್ಟಿದ್ದೇನಲ್ಲ.