ಕೋಟಿನ ಬೆನ್ನು

“ಕೈ ತಪ್ಪಿತು ಅನ್ನೇ, ಮುಂಡೆ. ಅಷ್ಟು ಅನ್ನೋಕೆ ನಾಲಿಗೆ ಬಿದ್ದೋಗಿದ್ಯಾ ನಿಂಗೆ?”

ಮಾಲೀಕ ಕೋಟನ್ನು ಎತ್ತಿ ಹಿಡಿದು ಕೂಗುತ್ತಿದ್ದ. ಬೆನ್ನಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕಂದುಬಣ್ಣದಲ್ಲಿ ಕೂತಿತ್ತು. ಆ ಕೋಟು ತೊಟ್ಟು ಅವನು ಅವತ್ತೇ ಸಂಜೆ ಸಭೆಯ ವೇದಿಕೆ ಹತ್ತಬೇಕಿತ್ತು. ಲಾಂಡ್ರಿಯ ಹೆಂಗಸರೆಲ್ಲ ಕೆಲಸ ನಿಲ್ಲಿಸಿದ್ದೆವು.

ಸುಟ್ಟವಳು ನನ್ನ ಪಕ್ಕದ ಮೇಜಿನವಳು. ನಾವೆಲ್ಲ ದೊಡ್ಡಕ್ಕ ಅನ್ನುತ್ತೇವೆ. ಇಪ್ಪತ್ತು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ನೂಲೂ ಸುಟ್ಟಿರಲಿಲ್ಲ. ಪೆಟ್ಟಿಗೆಯನ್ನು ಕೆನ್ನೆ ಹತ್ತಿರ ತಂದರೆ ಸಾಕು, ಈ ಕಾವು ರೇಷ್ಮೆಗೋ ಹತ್ತಿಗೋ ಹೇಳಿಬಿಡುತ್ತಾಳೆ. ಅವಳ ಕೈ ತಪ್ಪುವುದೆಂದರೆ ಮೀನಿಗೆ ಈಜು ಮರೆತ ಹಾಗೆ. ಅದು ಮಾಲೀಕನಿಗೂ ಗೊತ್ತಿತ್ತು.

ಹಿಂದಿನ ದಿನ ಅವಳ ಗಂಡ, ನಮ್ಮ ಭಾವ, ಒದ್ದೆ ಚಾದರ ಹೊತ್ತು ಹೋಗುವಾಗ ಮಾಲೀಕನ ಬೂಟಿನ ಮೇಲೆ ನಾಲ್ಕು ಹನಿ ಬಿದ್ದವು. ಅಂಗಿ ಬಿಚ್ಚಿ ಅದರಲ್ಲೇ ಒರೆಸು ಅಂದ ಮಾಲೀಕ. ಭಾವ ಬಿಚ್ಚಿದ, ಮಂಡಿಯೂರಿ ಒರೆಸಿದ, ಮತ್ತೆ ಅದೇ ಅಂಗಿ ತೊಟ್ಟುಕೊಂಡ. ನಾವು ಇಷ್ಟು ಜನ ತಲೆ ತಗ್ಗಿಸಿ ಇಸ್ತ್ರಿ ಉಜ್ಜುತ್ತಲೇ ಇದ್ದೆವು. ಆ ನಾಚಿಕೆ ನನಗಿನ್ನೂ ಹೋಗಿಲ್ಲ.

ಕೈ ತಪ್ಪಿತು ಅಂದರೆ ಮಾಫಿ, ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಕೆಲಸವಿಲ್ಲ, ಹಿತ್ತಲಿನ ಕೋಣೆಯೂ ಇಲ್ಲ ಎಂದು ಮಾಲೀಕ ಎಲ್ಲರೆದುರು ಹೇಳಿದ. ಅವನದೇನು ಧಾರಾಳ ಮನಸ್ಸಲ್ಲ. ಅವಳಂಥ ಕೈ ಇನ್ನೊಂದು ಸಿಕ್ಕುವುದಿಲ್ಲ, ಅಷ್ಟೇ. ಒಗೆಯುವ ಕಡೆಯಿಂದ ಓಡಿಬಂದ ಭಾವ ಕೈ ಮುಗಿದು ನಿಂತ.

“ಅಂದ್ಬಿಡೇ. ಒರೆಸಿದ್ದು ನಾನು. ನಂಗಿಲ್ಲದ ಉರಿ ನಿಂಗ್ಯಾಕೆ?”

“ನಿಂಗಿಲ್ವಾ?” ಅಂದಳು ದೊಡ್ಡಕ್ಕ. “ಹಾಗಾದ್ರೆ ರಾತ್ರಿಯೆಲ್ಲಾ ಗೋಡೆ ಕಡೆ ಮುಖ ಮಾಡ್ಕೊಂಡು ಯಾಕ್ ಮಲಗಿದ್ದೆ?”

ಅವಳು ಮಾಲೀಕನ ಕಡೆ ತಿರುಗಿದಳು.

“ಕೈ ತಪ್ಪಿಲ್ಲ ಧಣಿ. ಬಟ್ಟೆ ಸುಡೋದು ಪಾಪ, ನಮ್ಮ ಕಸುಬಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಗೊತ್ತಿದ್ದೇ ಮಾಡ್ದೆ. ಹತ್ತು ಎಣಿಸೋವರೆಗೂ ಒತ್ತಿ ಹಿಡಿದೆ. ಹೊಟ್ಟೆ ಉರಿಯುತ್ತೇನೋ ಅಂತ ಕಾದೆ. ಉರೀಲಿಲ್ಲ.”

ಮಾಲೀಕನ ಬಾಯಿಂದ ಅವಳ ತಾಯಿ, ಅಜ್ಜಿ ಎಲ್ಲರೂ ಬಂದು ಹೋದರು. ಸಂಜೆಯೊಳಗೆ ಕೋಣೆ ಖಾಲಿ ಮಾಡು ಅಂದ.

ಅವಳು ಹೊರಡಲಿಲ್ಲ. ಮೇಜಿನ ಮೇಲೆ ಯಾರೋ ಮೇಷ್ಟ್ರ ಅಂಗಿಯ ಒಂದು ತೋಳು ಬಾಕಿ ಇತ್ತು. ಪಾಪ, ಅವರೇನು ಮಾಡಿದ್ದಾರೆ ಅನ್ನುತ್ತಾ ನೀರು ಚಿಮುಕಿಸಿ, ತೋಳು ಉಜ್ಜಿ, ಕಾಲರ್ ನಿಲ್ಲಿಸಿ ಮಡಿಚಿಟ್ಟಳು. ತೊಲಗೇ ಎಂದು ಮಾಲೀಕ ಮೇಜು ಗುದ್ದಿದ.

“ಹೋಗ್ತೀನಿ ಧಣಿ. ಪೆಟ್ಟಿಗೆ ಇನ್ನೂ ಬಿಸಿ ಇದೆ. ಬೇರೆ ಕೋಟಿದ್ರೆ ತರ್ಸಿ.”

ಭಾವ ಮುಗಿದ ಕೈ ಕೆಳಗಿಳಿಸಿದ. ಎಲ್ಲರಿಗಿಂತ ಮೊದಲು ನಕ್ಕವನು ಅವನೇ.