ಕೀಲೆಣ್ಣೆ

ಹಿಂದಿನ ಗಾಲಿಯ ಬ್ರೇಕಿನ ಡ್ರಮ್ಮು ಅಲ್ಲಾಡಲಿಲ್ಲ. ಸಕ್ರಪ್ಪ ಸುತ್ತಿಗೆಯಿಂದ ಇನ್ನೊಂದು ಏಟು ಹಾಕಿದ, ಹಾಕಿ ತನ್ನ ಹೆಬ್ಬೆರಳನ್ನೇ ಜಜ್ಜಿಕೊಂಡ, ಬೆರಳನ್ನು ಬಾಯಲ್ಲಿಟ್ಟುಕೊಂಡು ಗಾಡಿಯ ಸುತ್ತ ಒಂದು ಸುತ್ತು ತಿರುಗಿ ಬಂದ. ಬೆಳಗಿನಿಂದ ಅವನದು ಇದೇ ಆಗಿತ್ತು. ಒಂದು ನಟ್ಟು ಬಿಚ್ಚಿದರೆ ಬಾಗಿಲ ತನಕ ಹೋಗಿ ಬರುವುದು, ಬಂದವನು ಪಾನಾ ಎಲ್ಲಿಟ್ಟೆನೆಂದು ಹುಡುಕುವುದು, ಅದು ಕೈಯಲ್ಲೇ ಇದ್ದದ್ದು ಕಂಡು ಹೆಂಡತಿಯ ಮೇಲೆ ಹರಿಹಾಯುವುದು. ಹೆಂಡತಿ ಶಂಕ್ರೆವ್ವ ಜಾಣೆ. ಶೇಂಗಾ ಬಿಡಿಸುವ ನೆವ ಮಾಡಿಕೊಂಡು ನೆರೆಮನೆ ಸೇರಿಬಿಟ್ಟಿದ್ದಳು.

ಲಡಾಯಿ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಮುಂದೆ ಇಬ್ಬರು ಕೂಡುವಷ್ಟು ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ. ಎಷ್ಟು ಹೇರಿದರೂ ಬೇಸರಿಸದ ಜೀವ. ಇಡೀ ನಾಗಾವಿಯಲ್ಲಿ ಮೋಟಾರು ಇದ್ದದ್ದು ಸಕ್ರಪ್ಪನ ಮನೆಯಲ್ಲೇ. ಕನ್ನಡ ನಾಡು ಒಂದಾಗುವ ದಿನ ಗದಗಿನಲ್ಲಿ ಮೆರವಣಿಗೆ ಇತ್ತು. ಊರ ಹೆಣ್ಣುಮಕ್ಕಳನ್ನೂ ವಯಸ್ಸಾದವರನ್ನೂ ನಿನ್ನ ಗಾಡಿಯಲ್ಲೇ ಒಯ್ಯಬೇಕೆಂದು ಹಿರಿಯರು ಹೇಳಿಹೋಗಿದ್ದರು. ಸಕ್ರಪ್ಪ ಹೂಂ ಅಂದಿದ್ದ. ಹೂಂ ಅಂದಾಗಿನಿಂದ ಅವನಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ನಿಲ್ಲದ ಗಾಡಿಯಲ್ಲಿ ಊರನ್ನೇ ಹೇರಿಕೊಂಡು ಹೋಗುವುದು ಹುಡುಗಾಟವೇ?

ನಿಲ್ಲದ ಗಾಡಿ ಏನು ಮಾಡುತ್ತದೆಂದು ಅವನು ದಸರೆಯ ಮರುದಿನ ಕಂಡಿದ್ದ. ಬೆಳ್ಳಟ್ಟಿಯಿಂದ ಶೇಂಗಾ ಚೀಲ ಹೇರಿಕೊಂಡು ಬರುವಾಗ ಶಿರಹಟ್ಟಿಯ ಹತ್ತಿರ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಹಿಂದಿನ ಗಾಲಿಗಳು ಹಿಡಿಯಲೇ ಇಲ್ಲ. ಹಿಂದಿನಿಂದ ಅಷ್ಟು ಹೊರೆ ದೂಡುತ್ತಿದ್ದರೆ ಮುಂದಿನ ಬ್ರೇಕು ತಾನೇ ಎಷ್ಟು ತಡೆದೀತು? ಮುಂದೆ ಹೋಗುತ್ತಿದ್ದ ಚಕ್ಕಡಿಯ ಒಂದು ಎತ್ತಿಗೆ ಬಡಿದು, ಹಿಂದಿನ ಗಾಲಿ ರಸ್ತೆಬದಿಯ ಕಲ್ಲಿಗೆ ಅಪ್ಪಳಿಸಿದ ಮೇಲೆಯೇ ಗಾಡಿ ನಿಂತಿತು. ಎತ್ತು ಅಲ್ಲೇ ಪ್ರಾಣ ಬಿಟ್ಟಿತು. ಚಕ್ಕಡಿಯವನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ ಅಳು ಸಕ್ರಪ್ಪನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಮನೆಯ ಜೋಡಿಯಲ್ಲಿ ಒಂದೆತ್ತನ್ನು ಅವನಿಗೆ ಬಿಟ್ಟುಕೊಟ್ಟದ್ದೂ ಆಗಿತ್ತು.

ಆ ದಿನ ಗಾಡಿಯಲ್ಲಿ ಗಾಳೆಪ್ಪನೂ ಇದ್ದ. ಗಾಡಿ ಬಂದಾಗಿನಿಂದ ಅದರ ಮಿಸ್ತ್ರಿ ಅವನೇ. ಸಕ್ರಪ್ಪನ ಜೊತೆ ಒಂದೇ ಗಂಗಾಳದಲ್ಲಿ ಉಂಡು ಬೆಳೆದವನು. ದಸರೆಯಲ್ಲಿ ಆಯುಧ, ಗಾಡಿಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಹಿಂದಿನ ಬ್ರೇಕಿಗೆ ಹೊಸ ಪಟ್ಟಿ ಕೂಡಿಸಿದ್ದವನೂ ಅವನೇ. ತಾನು ಎಲ್ಲವನ್ನೂ ಪೆಟ್ರೋಲಿನಿಂದ ಒರೆಸಿ, ಒಣಗಿಸಿಯೇ ಹಾಕಿದ್ದೇನೆಂದು ಅವನು ಹೇಳುತ್ತಿದ್ದಂತೆ ಸಕ್ರಪ್ಪ ಕೂಡಿದ ಮಂದಿಯ ನಡುವೆ ಅವನ ಕಪಾಳಕ್ಕೆ ಬಾರಿಸಿದ್ದ. ಗಾಳೆಪ್ಪ ತಿರುಗಿ ಕೈ ಎತ್ತಲಿಲ್ಲ. ಹೆಗಲ ಮೇಲಿನ ವಸ್ತ್ರ ಜಾಡಿಸಿಕೊಂಡು ನಡೆದುಹೋದ. ಈಗ ಬೆಟಗೇರಿಯ ಯಾವುದೋ ಗ್ಯಾರೇಜಿನಲ್ಲಿದ್ದಾನೆಂದು ಸುದ್ದಿ. ಸಕ್ರಪ್ಪನ ತಾಯಿ ಮುದುಕವ್ವನಂತೂ ಅವನ ಕೈಗುಣವೇ ಸರಿಯಿಲ್ಲವೆಂದು ಓಣಿಯ ತುಂಬ ಹೇಳಿ ಬಂದಿದ್ದಳು. ಎತ್ತು ಸತ್ತ ಸಂಕಟ ಮಗನಿಗಿಂತ ಅವಳಿಗೇ ಹೆಚ್ಚಾಗಿತ್ತು.

ಕೊನೆಗೂ ಡ್ರಮ್ಮು ಕಳಚಿ ಬಂತು. ಕಲ್ಲಿಗೆ ಬಡಿದ ಕಡೆ ಬಿರುಕು ಬಿಟ್ಟಿತ್ತು. ಒಳಗೆ ನೋಡಿದರೆ ಕಪ್ಪು ಎಣ್ಣೆ ಮೆತ್ತಿಕೊಂಡಿತ್ತು, ಪಟ್ಟಿಗಳೆಲ್ಲ ತೊಯ್ದು ಜಾರುತ್ತಿದ್ದವು. ಸಕ್ರಪ್ಪನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಆ ಮಗ ಒರೆಸಿದ್ದೆ ಅಂದಿದ್ದ, ಇದೇ ಏನು ಒರೆಸಿದ್ದು? ಇನ್ನೊಂದು ಗಾಲಿ ಬಿಚ್ಚಿದ, ಅಲ್ಲಿಯೂ ಅದೇ ಎಣ್ಣೆ. ಹೊಡೆದದ್ದು ತಪ್ಪಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಹಾಗೆ ಹೇಳಿಕೊಳ್ಳಬೇಕಾದ ಗರಜು ಯಾಕೆ ಬಿತ್ತೆಂದು ಮಾತ್ರ ಕೇಳಿಕೊಳ್ಳಲಿಲ್ಲ.

ಹುಬ್ಬಳ್ಳಿಯ ಗುಜರಿಯಿಂದ ಒಂದು ಜೋಡಿ ಡ್ರಮ್ಮು ತಂದಿದ್ದ, ಪಟ್ಟಿಯೂ ಹೊಸದೇ. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟ. ಬ್ರೇಕ್ ಆಯಿಲ್ಲಿನ ಪೈಪು ಬಿಚ್ಚಿ, ಒಳಗಿನ ವಾಶರು ಬದಲಿಸಿ ಮತ್ತೆ ಕೂಡಿಸಿದ. ಇನ್ನೇನು ಡ್ರಮ್ಮನ್ನೆತ್ತಿ ಏರಿಸಬೇಕು, ಆಗ ಮುದುಕವ್ವ ಕೀಲೆಣ್ಣೆಯ ಬಿದಿರುಗೊಟ್ಟ ಹಿಡಿದುಕೊಂಡು ಬಂದಳು. ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕಪ್ಪು ಕಲೆಸಿದ್ದು, ಚಕ್ಕಡಿಯ ಅಚ್ಚಿಗೆ ಹಚ್ಚುವುದು. ಆ ಮನೆಯಲ್ಲಿ ಹೊಸ ಗಾಲಿ ಕೂಡಿಸಿದಾಗಲೆಲ್ಲ ಮೊದಲ ಎಣ್ಣೆ ಹಿರಿಯಳ ಕೈಯಿಂದಲೇ ಆಗಬೇಕು. ಒಣಗಾಲಿ ಉರುಳಿಸಿದರೆ ಮನೆಗೆ ಕೇಡು ಎಂದು ಅವಳ ಅತ್ತೆಯೂ ನಂಬಿದ್ದಳು, ಅತ್ತೆಯ ಅತ್ತೆಯೂ ನಂಬಿದ್ದಳು.

"ತಡಿಯೋ, ಮುಚ್ಚಬ್ಯಾಡ. ಒಳಗ ಒಂದ್ ಕೈ ಹಚ್ಚತೀನಿ."

ಬೆರಳು ಡ್ರಮ್ಮಿನೊಳಗೆ ಹೋಗುವಷ್ಟರಲ್ಲಿ ಸಕ್ರಪ್ಪ ಅವಳ ಮಣಿಕಟ್ಟು ಹಿಡಿದ. ಅವಳಿಗೆ ಸಿಟ್ಟು ಬಂತು.

"ಏನಾತೋ ನಿನಗ? ಖಂಡೇಪೂಜಿ ದಿನಾನೂ ನಾನ ಹಚ್ಚೀನಿ. ನೀವಿಬ್ರೂ ಉಣ್ಣಾಕ ಕುಂತಿದ್ರಿ, ಎರಡೂ ಕಡಿ ಚಲೋತ್ನಂಗ ಹಚ್ಚಿ ಕುಂಕುಮ ಇಟ್ಟ ಬಂದಿದ್ದೆ."

ಸಕ್ರಪ್ಪ ಅವಳ ಕೈ ಬಿಟ್ಟ. ಹೋಗಿ ಹಳೆಯ ಡ್ರಮ್ಮನ್ನೆತ್ತಿ ಮೂಸಿ ನೋಡಿದ. ಔಡಲೆಣ್ಣೆಯ ವಾಸನೆ. ಬೆಳಗಿನಿಂದ ಅದೇ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಅವನಿಗೆ ಹೊಳೆದಿರಲಿಲ್ಲ. ಅವನು ಒಳಗೆ ಹೋಗಿ ನೀರು ಕುಡಿದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಗಾಳೆಪ್ಪನಿಗೆ ಬೇರೆ ಕೆಲಸ ಸಿಕ್ಕಿದೆ. ಎಂದಾದರೂ ಸಂತೆಯಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ನಾಲ್ಕು ಮಾತಾಡಿ, ಒಂದು ಚಹಾ ಕುಡಿಸಿದರೆ ಮುಗಿಯಿತು. ತಾಯಿಗಂತೂ ಹೇಳುವುದೇ ಬೇಡ, ಎದೆ ಒಡೆದುಕೊಂಡಾಳು.

ಆದರೆ ಮುದುಕವ್ವ ಬಿಡುವ ಪೈಕಿಯೇ? ಎಣ್ಣೆ ಯಾಕೆ ಬೇಡ ಅನ್ನುವುದನ್ನು ಹೇಳಿಯೇ ತೀರಬೇಕೆಂದು ಗೊಟ್ಟ ಹಿಡಿದುಕೊಂಡು ಬೆನ್ನು ಹತ್ತಿದಳು. ತಲೆ ಚಿಟ್ಟು ಹಿಡಿದು ಸಕ್ರಪ್ಪ ಒದರಿಬಿಟ್ಟ. ಚಕ್ಕಡಿಯ ಅಚ್ಚು ಉರುಳಬೇಕು, ಅದಕ್ಕೆ ಎಣ್ಣೆ; ಇದು ಹಿಡಿದು ನಿಲ್ಲಿಸಬೇಕು, ಎಣ್ಣೆ ತಾಕಿದರೆ ಜಾರುತ್ತದೆ, ಜಾರಿದರೆ ಗಾಡಿ ನಿಲ್ಲುವುದಿಲ್ಲ ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮುದುಕವ್ವ ಜಾಕಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಎಣ್ಣೆ ಮೆತ್ತಿದ ತನ್ನ ಕಪ್ಪು ಬೆರಳನ್ನು ನೋಡಿಕೊಂಡಳು.

"ಹಂಗಾರ ಆ ಬಸವಣ್ಣ ನನ್ನ ಕೈಯಾಗ ಸತ್ತಂಗಾತಲ್ಲೋ."

ಹಾಗಲ್ಲ, ಹೊರೆಯೂ ಜಾಸ್ತಿಯಿತ್ತು, ಇಳಿಜಾರೂ ಕಡಿದಾಗಿತ್ತು ಎಂದು ಸಕ್ರಪ್ಪ ಏನೇನೋ ತೊದಲಿದ. ಅವಳು ಕೇಳಿಸಿಕೊಳ್ಳಲಿಲ್ಲ. ಗಾಳೆಪ್ಪನನ್ನು ಮಂದಿಯ ಮುಂದೆ ಹೊಡೆದದ್ದು ಖರೆಯೇ ಎಂದು ಕೇಳಿದಳು. ಸಕ್ರಪ್ಪ ತಲೆ ತಗ್ಗಿಸಿದ. ಹಾಗಾದರೆ ಗಾಡಿ ಕೂಡಿಸು, ನನ್ನನ್ನು ಬೆಟಗೇರಿಗೆ ಕರೆದುಕೊಂಡು ನಡೆ ಎಂದಳು.

ಗಾಲಿ ಏರಿಸಿದ್ದಾಯಿತು. ಬ್ರೇಕು ಒತ್ತಿದರೆ ಕಾಲು ಕಣಕದಲ್ಲಿ ಇಳಿದ ಹಾಗೆ ಮೆತ್ತಗೆ ಇಳಿಯಿತು. ಬಿಚ್ಚಿದ ಪೈಪಿನಲ್ಲಿ ಗಾಳಿ ಸೇರಿಕೊಂಡಿತ್ತು. ಅದನ್ನು ತೆಗೆಯಲು ಒಬ್ಬರು ಮೇಲೆ ಕೂತು ಒತ್ತಬೇಕು, ಒಬ್ಬರು ಕೆಳಗೆ ಮಲಗಿ ನಟ್ಟು ಸಡಿಲಿಸಬೇಕು. ಸಕ್ರಪ್ಪ ಪೆಡಲಿನ ಮೇಲೆ ಕಲ್ಲು ಹೇರಿ ನೋಡಿದ. ಕಲ್ಲಿಗೆ ಯಾವಾಗ ಬಿಡಬೇಕೆಂದು ಹೇಗೆ ತಿಳಿಯಬೇಕು? ಕೊನೆಗೆ ಆದದ್ದಾಗಲಿ ಎಂದು ಒಂದನೇ ಗೇರಿನಲ್ಲೇ, ಎರಡೆರಡು ಸಲ ಒತ್ತಿ ನಿಲ್ಲಿಸುತ್ತ ಹೊರಟ. ಎಂದೂ ಗಾಡಿ ಹತ್ತದ ಮುದುಕವ್ವ ಪಕ್ಕದಲ್ಲಿ ಸೆರಗು ಬಿಗಿದುಕೊಂಡು ಕುಳಿತಿದ್ದಳು. ದಾರಿಯಲ್ಲಿ ಚಕ್ಕಡಿಗಳೇ ಅವರನ್ನು ದಾಟಿ ಹೋದವು.

ಗ್ಯಾರೇಜಿನ ಮುಂದೆ ನಾಲ್ಕಾರು ಮಂದಿ ನಿಂತಿದ್ದರು. ಗಾಳೆಪ್ಪ ಒಂದು ಬಸ್ಸಿನ ಇಂಜಿನ್ನಿಗೆ ತಲೆ ತೂರಿಸಿದ್ದವನು ಗಾಡಿಯ ಸದ್ದು ಕೇಳಿಯೇ ಗುರುತಿಸಿದ, ಆದರೆ ಎದ್ದು ನೋಡಲಿಲ್ಲ. ಸಕ್ರಪ್ಪ ಇಳಿದ. ಬಾಗಿಲು ಹಾಕಿದ, ಸರಿಯಾಗಿ ಬೀಳಲಿಲ್ಲವೆಂದು ತೆರೆದು ಮತ್ತೆ ಹಾಕಿದ. ಬಸ್ಸಿನವನು ಏನು ಬೇಕೆಂದು ಕೇಳಿದ. ಅಷ್ಟರಲ್ಲಿ ಮುದುಕವ್ವ ಕ್ಯಾಬಿನ್ನಿನಿಂದ ಹೇಗೋ ಇಳಿದು ಮಂದಿಯ ನಡುವೆ ಬಂದು ನಿಂತಳು.

"ಗಾಳೆಪ್ಪಾ, ಎಣ್ಣಿ ಹಚ್ಚಿದಾಕಿ ನಾನು. ಹೊಡತ ನೀ ತಿಂದಿ."

ಗಾಳೆಪ್ಪ ಎದ್ದು ನಿಂತ. ಮುದುಕವ್ವನನ್ನು ನೋಡಿದ, ಅವಳ ಬೆರಳಿನ ಕಪ್ಪು ನೋಡಿದ. ಅವನಿಗೆ ಎಲ್ಲವೂ ತಿಳಿಯಿತೆಂದು ಸಕ್ರಪ್ಪನಿಗೆ ಅನಿಸಿತು.

"ತಪ್ಪು ನಂದು, ಗಾಳ್ಯಾ," ಎಂದ ಸಕ್ರಪ್ಪ, ಎಲ್ಲರಿಗೂ ಕೇಳುವ ಹಾಗೆ. "ನೀ ಹೇಳಿದ್ದ ಕೇಳದ ಕೈ ಮಾಡಿದೆ. ಆ ಕೈ ಸುಡ್ಲಿ."

ಗಾಳೆಪ್ಪ ಮುದುಕವ್ವನಿಗೆ ಒಂದು ಡಬ್ಬ ಬೋರಲು ಹಾಕಿ ಕೂಡಲು ಹೇಳಿದ. ಕೈ ಒರೆಸಿಕೊಂಡು ಗಾಡಿಯ ಸುತ್ತ ಒಮ್ಮೆ ನಡೆದ, ಹಿಂದಿನ ಗಾಲಿಯನ್ನು ಕಾಲಿನಿಂದ ತಟ್ಟಿದ, ಬಾಗಿಲು ತೆಗೆದು ಪೆಡಲನ್ನು ಕೈಯಿಂದ ಒತ್ತಿ ನೋಡಿದ.

"ಗಾಳಿ ಹೊಕ್ಕೈತಿ. ಮ್ಯಾಲೆ ಕುಂಡ್ರು."

ಸಕ್ರಪ್ಪ ಹತ್ತಿ ಕುಳಿತ. ಗಾಳೆಪ್ಪ ಪಾನಾ ತೆಗೆದುಕೊಂಡು ಗಾಡಿಯ ಕೆಳಗೆ ನುಸುಳಿದ. ಈಗ ಅವನ ದನಿ ಮಾತ್ರ ಕೇಳುತ್ತಿತ್ತು. ಒತ್ತು ಅಂದಾಗ ಸಕ್ರಪ್ಪ ಒತ್ತಿದ, ಹಿಡಿ ಅಂದಾಗ ಹಿಡಿದ, ಬಿಡು ಅಂದಾಗ ಬಿಟ್ಟ. ಕೆಳಗೆ ಬ್ರೇಕ್ ಆಯಿಲ್ಲು ಬುಸ್ಸೆಂದು ಗಾಳಿ ಕಾರಿಕೊಂಡು ಬರುವ ಸದ್ದಾಗುತ್ತಿತ್ತು. ಪೆಡಲು ಸ್ವಲ್ಪ ಸ್ವಲ್ಪವಾಗಿ ಬಿಗಿಯಾಗುತ್ತ ಬಂತು.

"ಹಿಡಿ. ನಾ ಹೇಳೂತನಾ ಬಿಡಬ್ಯಾಡ."

ಸಕ್ರಪ್ಪ ಹಿಡಿದ. ಕೆಳಗೆ ಪಾನಾ ನೆಲಕ್ಕಿಟ್ಟ ಸದ್ದಾಯಿತು. ಪೆಡಲು ಗಟ್ಟಿಯಾಗಿತ್ತು, ಕೆಲಸ ಮುಗಿದಿತ್ತು, ಆದರೂ ಬಿಡು ಎಂಬ ಮಾತು ಬರಲಿಲ್ಲ. ಹೊತ್ತು ಹೋಯಿತು. ತೊಡೆ ನಡುಗತೊಡಗಿತು, ಬೆವರು ಕಣ್ಣಿಗಿಳಿಯಿತು. ಗಾಳೆಪ್ಪ ಅಲ್ಲಿ ಏನು ಮಾಡುತ್ತಿದ್ದಾನೆಂದು ಬಗ್ಗಿ ನೋಡಬೇಕೆನಿಸಿತು. ಸಕ್ರಪ್ಪ ಬಗ್ಗಲಿಲ್ಲ, ಕೂಗಲೂ ಇಲ್ಲ. ಎರಡೂ ಕೈಯಿಂದ ಸ್ಟಿಯರಿಂಗ್ ಬಿಗಿಹಿಡಿದು ಕಾಲು ಒತ್ತಿಯೇ ಕುಳಿತಿದ್ದ.